ಪುಂಡಿ ಬಸಿದ ನೀರು

ಜೋಳ ಹಸನು ಮಾಡುತ್ತಾ ಕುಳಿತಿದ್ದೆ. ಮೊರದೊಳಗೆ ಒಂದು ಕರಿ ಹುಳು ಕಂಡಿತು. ತೆಗೆದೆಸೆಯಲು ಕೈ ಹಾಕಿದೆ, ಸಿಗಲಿಲ್ಲ. ಮೊರ ಝಾಡಿಸಿದೆ, ಹೋಗಲಿಲ್ಲ. ತಲೆಯೆತ್ತಿ ನೋಡಿದರೆ ಹುಳು ಬಾಗಿಲ ಮೇಲೂ ಇತ್ತು, ಬಾಗಿಲಾಚೆಯ ಬೇವಿನ ಗಿಡದ ಮೇಲೂ ಇತ್ತು.

ಹುಳು ಇದ್ದದ್ದು ನನ್ನ ಎಡಗಣ್ಣಿನಲ್ಲಿ.

ನೋವಿಲ್ಲ, ಉರಿಯಿಲ್ಲ. ನೋವಿದ್ದಿದ್ದರೆ ಅವತ್ತೇ ದವಾಖಾನೆಗೆ ಓಡುತ್ತಿದ್ದೆವೇನೋ. ಸೆರಗಿನಿಂದ ಒರೆಸಿಕೊಂಡೆ, ತಣ್ಣೀರು ಹೊಡೆದುಕೊಂಡೆ, ಮತ್ತೆ ಜೋಳಕ್ಕೆ ಕೈ ಹಾಕಿದೆ. ಮರುದಿನ ಹುಳು ಹೋಗಿ ಅಂಗೈಯಗಲ ಮಸಿ ಬಂದಿತ್ತು. ಊಟಕ್ಕೆ ಕುಳಿತ ಗಂಡ ರೊಟ್ಟಿಯಲ್ಲಿ ಹರಳು ಕಡಿದು ಥೂ ಎಂದು ಉಗುಳಿದ.

“ನಾಕು ಹಲ್ಲು ಉಳದಾವ. ಅವನ್ನೂ ಕೆಡವಬೇಕಂತ ಮಾಡಿಯೇನ?”

“ಹರಳು ಕಾಣವಲ್ಲವು.”

“ಕಾಣಲಾರದಂಗ ಏನಾಗ್ಯಾದ, ಹಾಡಹಗಲಿ?”

ಆಗ ಹೇಳಿದೆ. ತುತ್ತು ಅವನ ಕೈಯಲ್ಲೇ ನಿಂತಿತು.

ಗಂಡನ ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ. ಮನೆಯಲ್ಲಿ ಮುದುಕ ಎನ್ನುತ್ತೇನೆ, ಇಲ್ಲೂ ಹಾಗೇ ಬರೆಯುತ್ತೇನೆ. ವನದುರ್ಗದ ಹತ್ತಿರದ ಹಳ್ಳಿ ನಮ್ಮದು. ಕುರಿ ಇವೆ, ಮಳೆ ನಂಬಿದ ಹೊಲ ಇದೆ. ಮಗ ಹಿಂಡು ಹೊಡೆದುಕೊಂಡು ಮೇವು ಇದ್ದ ಕಡೆ ತಿರುಗುತ್ತಾನೆ. ಮನೆಯಲ್ಲಿ ನಾನು, ಮುದುಕ, ಸೊಸೆ ದೇವಮ್ಮ. ಮರಿ ಕುರಿಗಳನ್ನು ಮುದುಕ ನೋಡಿಕೊಳ್ಳುತ್ತಾನೆ.

ಯಾದಗಿರಿಯಲ್ಲಿ ಕಣ್ಣಿನ ಡಾಕ್ಟರ್ ನನ್ನ ಗದ್ದವನ್ನು ಒಂದು ಮಷೀನಿನ ಮೇಲೆ ಇಡಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಕಣ್ಣು ನೋಡುವುದು ಬಿಟ್ಟು ನನ್ನ ತೋಳು ಹಿಡಿದರು. ಬಿಪಿ ಪಟ್ಟಿ ಕಟ್ಟಿದರು. ಎರಡು ನೂರು ದಾಟಿತ್ತು.

“ಯಾವಾಗರ ಬಿಪಿ ನೋಡಿಸೀರೇನಮ್ಮಾ?”

“ಇಲ್ರಿ. ತಲಿ ನೋಯ್ತಿತ್ತು, ಪಟ್ಟಿ ಕಟ್ಕೊಂಡು ಮಲಗತಿದ್ದೆ.”

“ಕಣ್ಣಿನ ಹಿಂದ ರಕ್ತದ ನಾಳ ಕಟ್ಯಾದ. ರಕ್ತ ಒಳಗ ಸೋರ್ಯಾದ. ಇದು ಬಿಪಿ ಮಾಡಿದ ಕೆಲಸ. ಈ ಕಣ್ಣು ಮೊದಲಿನಂಗ ಆಗ್ತದ ಅಂತ ನಾ ಮಾತು ಕೊಡಂಗಿಲ್ಲ. ಸೂಜಿ ಹಾಕೋಣು, ನೋಡೋಣು. ಆದ್ರ ಬಿಪಿ ಇಳಸ್ಲಿಲ್ಲಂದ್ರ ಬಲಗಣ್ಣಿಗೂ ಇದೇ ಆಗ್ತದ.”

ಬಲಗಣ್ಣಿಗೂ.

ನನ್ನ ಅತ್ತೆ ಕೊನೆಯ ಕಾಲದಲ್ಲಿ ಎರಡೂ ಕಣ್ಣು ಕಳೆದುಕೊಂಡಿದ್ದಳು. ಅವಳ ಮಂಚದಿಂದ ಬಚ್ಚಲಿನವರೆಗೆ ಒಂದು ಹಗ್ಗ ಕಟ್ಟಿದ್ದೆವು. ಅದನ್ನು ಹಿಡಿದು ಹೋಗುತ್ತಿದ್ದಳು, ಹಿಡಿದು ಬರುತ್ತಿದ್ದಳು. ಒಲೆ ಮುಂದೆ ರಾಣಿಯ ಹಾಗೆ ಕುಳಿತು ಎಲ್ಲರಿಗೂ ಬಡಿಸಿದ ಹೆಂಗಸು, ತನ್ನ ಗಂಗಾಳದಲ್ಲಿ ಏನಿದೆ ಎಂದು ಬೆರಳಿನಿಂದ ತಡಕಿ ನೋಡಿ ತಿನ್ನುತ್ತಿದ್ದಳು. ಯಾರೂ ಅವಳಿಗೆ ಕೆಟ್ಟದ್ದು ಮಾಡಲಿಲ್ಲ. ಆದರೆ ಅವಳಿದ್ದಾಳೆ ಎಂಬುದನ್ನೇ ಎಲ್ಲರೂ ಮರೆಯುತ್ತಾ ಹೋದರು. ಸಾಯುವುದಕ್ಕೆ ನಾನು ಹೆದರುವವಳಲ್ಲ. ಆ ಹಗ್ಗಕ್ಕೆ ಹೆದರುತ್ತೇನೆ.

ಕಣ್ಣಿಗೆ ಸೂಜಿ ಹಾಕುವುದು ಎಂದರೆ ಕಣ್ಣಿಗೇ. ರೆಪ್ಪೆ ಮುಚ್ಚದಂತೆ ತಂತಿ ಸಿಕ್ಕಿಸುತ್ತಾರೆ. ಬರುವುದು ಕಾಣುತ್ತದೆ, ಓಡಲು ಬರುವುದಿಲ್ಲ. ನೋವು ಕಡಿಮೆ. ಆದರೂ ಮೇಜಿನ ಅಂಚು ಹಿಡಿದ ನನ್ನ ಬೆರಳುಗಳನ್ನು ಸಿಸ್ಟರ್ ಒಂದೊಂದಾಗಿ ಬಿಡಿಸಬೇಕಾಯಿತು.

ಬಿಪಿಗೆ ಶಹಾಪುರದ ಒಬ್ಬ ಡಾಕ್ಟರ ಹತ್ತಿರ ತೋರಿಸತೊಡಗಿದೆವು. ಗುಳಿಗೆ ಬರೆದರು. ಅಲ್ಲಿ ಊಟದ ಬಗ್ಗೆ ಹೇಳಲೆಂದೇ ಒಬ್ಬ ಮೇಡಂ ಇದ್ದರು, ಡಯಟಿಷಿಯನ್. ಒಳ್ಳೆಯ ಹೆಣ್ಣುಮಗಳು, ಅವಸರ ಮಾಡಲಿಲ್ಲ.

“ಉಪ್ಪು ಕಮ್ಮಿ ಮಾಡ್ರಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗಿ ಬಂದ್. ಉಳ್ಳಾಗಡ್ಡಿ ತಿನ್ರಿ, ತಪ್ಪಲಪಲ್ಯಾ ತಿನ್ರಿ. ಅದರಾಗ ಫ್ಲೇವನಾಯ್ಡ್ ಅಂತ ಇರ್ತಾವ. ರಕ್ತದ ನಾಳ ಬಿಗಿ ಆಗದಂಗ ನೋಡ್ಕೋತಾವ. ಬಿಪಿ ಇಳಿಯಾಕ ಜರಾ ಆಸರ ಆಗ್ತದ.”

ಮುದುಕ ಮುಂದೆ ಬಾಗಿದ. “ನಮ್ಮ ಪುಂಡಿಪಲ್ಯಾದಾಗ ಅದಾವೇನ್ರಿ?”

“ಅದಾವ್ರಿ ಯಜಮಾನ್ರ. ಆದ್ರ ನಿಮ್ಮ ಕಡೆ ಪುಂಡಿ ಕುದಿಸಿ ನೀರು ಚೆಲ್ತೀರಿ. ಭಾಳಷ್ಟು ಆ ನೀರಾಗ ಹೋಗ್ತಾವ. ಚೆಲ್ಲಬ್ಯಾಡ್ರಿ. ಮತ್ತ, ಗುಳಿಗಿ ಮಾತ್ರ ಬಿಡಂಗಿಲ್ಲ. ಇದು ಊಟ, ದವಾ ಅಲ್ಲ.”

ಮುದುಕನಿಗೆ ನೀರಿನ ಮಾತು ಕೇಳಿಸಿತು. ಕೊನೆಯ ಮಾತು ಕೇಳಿಸಲಿಲ್ಲ.

ಪುಂಡಿಯ ಎಲೆ ಹುಳಿ. ನಾವು ಅದನ್ನು ಕುದಿಸಿ, ಬಸಿದು, ಹಿಂಡಿ, ಆಮೇಲೆ ಜೋಳದ ನುಚ್ಚು, ಬೇಳೆ, ಬಳ್ಳೊಳ್ಳಿ ಹಾಕಿ ಪಲ್ಯ ಮಾಡುತ್ತೇವೆ. ಬಸಿದ ನೀರಿನಿಂದ ಹಿತ್ತಾಳೆಯ ಚರಿಗೆ ತಿಕ್ಕಿದರೆ ಬಂಗಾರದ ಹಾಗೆ ಹೊಳೆಯುತ್ತದೆ. ಮದುವೆಯಾಗಿ ಬಂದಾಗಿನಿಂದ ನಾನು ಆ ನೀರಿಗೆ ಕಂಡ ಉಪಯೋಗ ಅದೊಂದೇ. ಬಸ್ಸಿನಲ್ಲಿ ಮುದುಕ ಶುರು ಮಾಡಿದ.

“ಚರಿಗಿ ಫಳಫಳ ಹೊಳೀತಾವ, ನಿನ್ನ ರಕ್ತ ಕೆಟ್ಟದ. ದವಾ ಎಲ್ಲಾ ಚರಿಗಿಗೆ ಕುಡಿಸಿಯಲ್ಲ!”

ಜೊತೆಗೆ ಬಂದಿದ್ದ ದೇವಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನೂ ನಕ್ಕೆ. ಆಮೇಲೆ ಬಹಳ ದಿನ ನಗು ಬರಲಿಲ್ಲ.

ಪಲ್ಯದ ಕೆಲಸ ದೇವಮ್ಮನದು. ನೀರಿನ ಕೆಲಸ ಮುದುಕ ಹಿಡಿದ. ಒಲೆಯ ಹತ್ತಿರ ಸುಳಿಯದವನು ತಾನೇ ಡಬರಿ ಇಟ್ಟು, ಎಲೆ ಕುದಿಸಿ, ಬಟ್ಟೆಯಲ್ಲಿ ಸೋಸಿ ದೊಡ್ಡ ಗಿಲಾಸಿನ ತುಂಬ ತಂದುಕೊಟ್ಟ. ಒಂದು ಗುಟುಕಿಗೆ ನನ್ನ ಹಲ್ಲು ಜುಮ್ಮೆಂದವು, ಎರಡನೆಯದು ಮೂಗಿನಿಂದ ಬಂತು.

“ಇದು ಮನಷ್ಯಾರು ಕುಡಿಯೋದಲ್ಲ.”

“ತಡಿ,” ಎಂದು ಕುರಿಹಟ್ಟಿಗೆ ಹೋದ. ಅಲ್ಲಿ ಕುರಿಗಳಿಗೆ ನೆಕ್ಕಿಸುವ ಹರಳುಪ್ಪಿನ ಚೀಲ ಇರುತ್ತದೆ. ಕುರಿ ಮೇವು ಬಿಟ್ಟರೆ, ಹೊಟ್ಟೆ ಉಬ್ಬಿದರೆ, ಗಿಡಮೂಲಿಕೆಯ ಜೊತೆ ಉಪ್ಪು ಕಲಸಿ ಬಿದಿರಿನ ಗೊಟ್ಟದಲ್ಲಿ ಬಾಯಿಗೆ ಸುರಿಯುವುದು ನಮ್ಮ ಪದ್ಧತಿ. ಉಪ್ಪು ಸೇರಿದರೆ ದವಾ ಒಳಗೆ ನಿಲ್ಲುತ್ತದೆ, ಮೈಗೆ ಹತ್ತುತ್ತದೆ ಎನ್ನುತ್ತಾರೆ. ಮುದುಕ ಜೀವಮಾನವಿಡೀ ಮಾಡಿದ ವೈದ್ಯ ಅದು. ಅದೇ ಉಪ್ಪನ್ನು ನನ್ನ ಗಿಲಾಸಿಗೂ ಕಲಸಿದ. ಹುಳಿ ಮುರಿಯಲು ಒಂದು ಚಿಟಿಕೆ ಅಡಿಗೆ ಸೋಡಾ ಬೇರೆ ಹಾಕಿದ. ಬುಸ್ ಎಂದು ನೊರೆ ಬಂತು.

“ಹಂಗಾರ ಗೊಟ್ಟ ಹಾಕಿಬಿಡು ನನಗ,” ಎಂದೆ.

“ಬಾಯಿ ಮುಚ್ಕೊಂಡು ಕುಡದ್ರ ಗೊಟ್ಟ ಯಾಕ ಬೇಕು?”

“ಬಾಯಿ ಮುಚ್ಕೊಂಡು ಹೆಂಗ ಕುಡೀಲಿ?”

ಕುಡಿದೆ. ಈಗ ಇಳಿಯಿತು. ಉಪ್ಪುಪ್ಪಾಗಿ, ಮಜ್ಜಿಗೆಯ ಹಾಗೆ.

ಆ ಕಡೆ ಅಡಿಗೆಮನೆಯಲ್ಲಿ ದೇವಮ್ಮ ಉಪ್ಪಿನ ಡಬ್ಬಿಯನ್ನು ಕೈಗೆಟುಕದ ಗೋಡೆಯ ಗೂಡಿನಲ್ಲಿ ಇಟ್ಟಿದ್ದಳು. ಇಡೀ ಮನೆ ಸಪ್ಪೆ ಉಂಡಿತು. ಉಪ್ಪಿನಕಾಯಿ ಭರಣಿಯನ್ನು ನೆರೆಮನೆಗೆ ಕೊಟ್ಟಳು. ನಾವು ಉಪ್ಪು ಬಿಟ್ಟಿದ್ದೇವೆ ಎಂದು ನಾನು ಯಾರ ಮುಂದೆ ಬೇಕಾದರೂ ಆಣೆ ಮಾಡುತ್ತಿದ್ದೆ. ಅಡಿಗೆಮನೆಯ ಉಪ್ಪು ಉಪ್ಪು. ಹಟ್ಟಿಯ ಉಪ್ಪು ದವಾ. ಎರಡೂ ಒಂದೇ ಎಂದು ನನಗೂ ಹೊಳೆಯಲಿಲ್ಲ, ಮುದುಕನಿಗೂ ಹೊಳೆಯಲಿಲ್ಲ. ದೇವಮ್ಮನಿಗೆ ಹಟ್ಟಿಯಲ್ಲಿ ಮಾವ ಏನು ಕಲಸುತ್ತಾನೆ ಎಂಬುದೇ ಗೊತ್ತಿರಲಿಲ್ಲ.

ಬಿಪಿ ಇಳಿಯಲಿಲ್ಲ.

ಡಾಕ್ಟರ್ ಇನ್ನೊಂದು ಗುಳಿಗೆ ಸೇರಿಸಿದರು. ಇಳಿಯಲಿಲ್ಲ. ಮುದುಕ ಬೆಳಿಗ್ಗೆ ಒಂದು ಗಿಲಾಸು ಕೊಡುತ್ತಿದ್ದವನು ಸಂಜೆಗೂ ಕೊಡತೊಡಗಿದ. ಮತ್ತೊಂದು ಗುಳಿಗೆ ಬಂತು. ಕಾಲು ಬಾತುಕೊಂಡವು, ಬೆರಳಿನಿಂದ ಒತ್ತಿದರೆ ಹಿಟ್ಟಿನ ಮುದ್ದೆಯ ಹಾಗೆ ಗುಳಿ ಬೀಳುತ್ತಿತ್ತು. ಕಾಲುಂಗುರ ತೆಗೆಯಲು ಬರಲಿಲ್ಲ. ಹಟ್ಟಿಯವರೆಗೆ ನಡೆದರೆ ಏದುಸಿರು. ಕಿವಿಯೊಳಗೆ ಹಿಟ್ಟಿನ ಗಿರಣಿ ತಿರುಗಿದ ಹಾಗೆ ಸದ್ದು. ನಾನು ಕೆಟ್ಟಷ್ಟೂ ಮುದುಕನ ಕೈ ದೊಡ್ಡದಾಯಿತು. ಅವನ ಲೆಕ್ಕದಲ್ಲಿ ರೋಗ ಜಾಸ್ತಿಯಾದರೆ ದವಾ ಜಾಸ್ತಿಯಾಗಬೇಕು. ಡಾಕ್ಟರ್ ಮಾಡುತ್ತಿದ್ದದ್ದೂ ಅದನ್ನೇ ಅಲ್ಲವೇ?

“ಗುಳಿಗಿ ಬರೋಬರಿ ತಗೋತೀರಿ?” ಡಾಕ್ಟರ್ ಕೇಳಿದರು.

“ತಗೋತೀನ್ರಿ.”

“ಉಪ್ಪು?”

“ನಾಯಿ ಮೂಸಂಗಿಲ್ಲ ಅಂಥಾ ಸಪ್ಪನ ಊಟ ಉಣ್ಣಾಕತ್ತೀನ್ರಿ.”

ಅವರು ನನ್ನನ್ನು ನಂಬಲಿಲ್ಲ. ಮುಖದಲ್ಲೇ ಗೊತ್ತಾಯಿತು. ಅವರ ತಪ್ಪೆಂದು ಹೇಳುವುದಿಲ್ಲ. ನನ್ನಂಥ ಮುದುಕಿಯರು ಗುಳಿಗೆಯನ್ನು ಗೋಡೆಯ ಸಂದಿಯಲ್ಲಿ ತುರುಕಿ ಬಂದು ನುಂಗಿದೆ ಎನ್ನುವುದನ್ನು ಅವರು ದಿನಾ ನೋಡುತ್ತಾರೆ.

ಒಂದು ಮುಂಜಾನೆ ಎದ್ದಾಗ ಬಲಗಣ್ಣಿನಲ್ಲೂ ಮಂಜು.

ಕೂತಲ್ಲೇ ಕೂತೆ. ದೇವಮ್ಮ ಚಹಾ ತಂದಿಟ್ಟಳು, ಬಟ್ಟಲು ಎಲ್ಲಿದೆ ಎಂದು ಕೈಯಿಂದ ತಡಕಿದೆ. ಚಹಾ ಚೆಲ್ಲಿತು. ಆ ತಡಕಾಟ ನನ್ನ ಕೈಗೆ ಬಂದದ್ದು ಕಂಡು ನನಗೇ ಹೇಸಿಕೆಯಾಯಿತು. ಎಡಗಣ್ಣು ಮುಚ್ಚಿ ನೋಡಿದೆ, ಬಲಗಣ್ಣು ಮುಚ್ಚಿ ನೋಡಿದೆ. ಒಂದರಲ್ಲಿ ಬೂದಿ, ಇನ್ನೊಂದರಲ್ಲಿ ಹೊಗೆ. ಸೊಸೆಯನ್ನು ಕರೆದು, “ನನ್ನ ಮಂಚಕ್ಕ ಹಗ್ಗ ಕಟ್ಟಬ್ಯಾಡ್ರಿ. ಅದಕ್ಕಿಂತ ಮೊದ್ಲ ದೇವರು ನನ್ನ ಒಯ್ಲಿ. ಒಯ್ಲಿಲ್ಲಂದ್ರ ಬಾವಿ ದೂರಿಲ್ಲ,” ಎಂದೆ.

“ಅತ್ತಿ, ಹಿಂಗ ಮಾತಾಡಿದ್ರ ನಾ ತವರಮನಿಗೆ ಹೋಗ್ತೀನಿ ನೋಡ್ರಿ,” ಎಂದಳು ದೇವಮ್ಮ. ಹೋಗಲಿಲ್ಲ. ಬಾವಿಯ ಕಡೆಯ ಹಿತ್ತಲ ಬಾಗಿಲಿಗೆ ಅಗಳಿ ಹಾಕಿ, ನನ್ನ ಪಕ್ಕದಲ್ಲೇ ಕುಳಿತಳು. ಆಮೇಲೆ ಪಕ್ಕದ ಮನೆಯವರ ಟಂಟಂ ಆಟೋ ಕರೆಸಿದಳು.

ಯಾದಗಿರಿಯ ಒಂದು ಆಸ್ಪತ್ರೆಯಲ್ಲಿ ಅಡ್ಮಿಟ್ ಮಾಡಿದರು. ಕಣ್ಣಿನ ಡಾಕ್ಟರ್ ಬಂದು ನೋಡಿ, ಬಲಗಣ್ಣಿನಲ್ಲೂ ರಕ್ತದ ಚುಕ್ಕೆ ಬಿದ್ದಿವೆ, ಊತ ಇದೆ ಎಂದರು. ನಾಳ ಇನ್ನೂ ಕಟ್ಟಿಲ್ಲ. ಬಿಪಿ ಈಗ ಇಳಿದರೆ ಉಳಿಯಬಹುದು. ಉಳಿಯಬಹುದು ಎಂದರು, ಉಳಿಯುತ್ತದೆ ಎನ್ನಲಿಲ್ಲ.

ಮುದುಕ ಮರಿಗಳನ್ನು ಬಿಟ್ಟು ಬರುವಂತಿರಲಿಲ್ಲ, ಊರಲ್ಲೇ ಉಳಿದ. ಮೊದಲ ದಿನ ಸಲೈನಿನಲ್ಲಿ ಔಷಧ ಕೊಟ್ಟರು. ಆಮೇಲೆ ಅದೇ ಗುಳಿಗೆಗಳು, ಮನೆಯಲ್ಲಿ ನುಂಗುತ್ತಿದ್ದವೇ. ಬಿಪಿ ಇಳಿಯತೊಡಗಿತು. ದಿನಾ ಇಷ್ಟಿಷ್ಟು. ಕಾಲಿನ ಬಾವು ಇಳಿಯಿತು. ನಾನು ಸಂತೋಷ ಪಡುವುದರೊಳಗೆ ವಾರ್ಡಿನ ಡಾಕ್ಟರ್ ದೇವಮ್ಮನ ಮೇಲೆ ಹರಿಹಾಯ್ದರು.

“ಗುಳಿಗಿ ಅವೇ ಅದಾವ. ಇಲ್ಲಿ ಇಳಿತದ, ಮನ್ಯಾಗ ಯಾಕ ಇಳೀಲಿಲ್ಲ? ನೀನು ಕೊಟ್ಟಿಲ್ಲ, ಅಷ್ಟೇ.”

“ಇಲ್ರಿ ಸರ್. ನನ್ನ ಕೈಲೆ ಬಾಯಾಗ ಹಾಕೀನ್ರಿ. ನೀರು ಕುಡಿಸೀನ್ರಿ.”

“ಸುಳ್ಳು ಹೇಳಬ್ಯಾಡ. ಮುದುಕಿ ಕಣ್ಣು ಹೋಗಾಕತ್ತಾವ.”

ದೇವಮ್ಮ ಗೋಡೆಗೆ ಮುಖ ಮಾಡಿ ನಿಂತಳು. ಅವಳ ಬೆನ್ನು ಅಲುಗುವುದು ಆ ಹೊಗೆಗಣ್ಣಿಗೂ ಕಂಡಿತು. ಒಂದು ಗಳಿಗೆ, ಒಂದೇ ಗಳಿಗೆ, ನನಗೂ ಅನುಮಾನ ಬಂತು. ನಾನು ನುಂಗಿದ್ದು ಯಾವ ಗುಳಿಗೆಯೋ, ನನಗೇನು ಕಂಡಿತ್ತು? ಕುರುಡು ಮೊದಲು ಕಣ್ಣಿಗೆ ಬರುವುದಿಲ್ಲ, ಮನಸ್ಸಿಗೆ ಬರುತ್ತದೆ. ನನ್ನ ಹೇಲು ಉಚ್ಚೆ ಎತ್ತುತ್ತಿದ್ದ ಹುಡುಗಿಯ ಮೇಲೆ ಅನುಮಾನ.

ಅವತ್ತು ಸಂಜೆ ಮುದುಕ ಬಂದ. ಮರಿಗಳನ್ನು ಯಾರಿಗೋ ಒಪ್ಪಿಸಿ, ಶಹಾಪುರದಿಂದ ಬಸ್ಸು ಹತ್ತಿ, ಹೆಗಲ ಚೀಲದಲ್ಲಿ ದೊಡ್ಡ ಬಾಟಲಿ ಹೊತ್ತುಕೊಂಡು.

“ಇಷ್ಟು ದಿನ ತಪ್ಯಾದ. ಅದಕ್ಕ ಭರ್ಜರಿ ಮಾಡ್ಕೊಂಡು ಬಂದೀನಿ. ಕುಡಿ.”

ಬಿಪಿ ಇಳಿದಿದೆ ಎಂದು ಹೇಳಿದೆ. ಇನ್ನೂ ಇಳಿಯಲಿ ಎಂದ. ದೇವಮ್ಮ ಹೊರಗೆ ಕೊಳಾಯಿಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಆಗೊಂದು ಗಿಲಾಸು ಕುಡಿದೆ, ಉಂಡ ಮೇಲೆ ಇನ್ನೊಂದು, ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಮತ್ತೊಂದು.

ಸಿಸ್ಟರ್ ಪಟ್ಟಿ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದರು. ಬಿಪಿ ಮತ್ತೆ ಏರಿತ್ತು, ಡಾಕ್ಟರನ್ನು ಕರೆದರು.

“ಹೊರಗಿಂದು ಏನ್ ತಿಂದೀರಮ್ಮಾ?”

“ಏನೂ ತಿಂದಿಲ್ರಿ.”

ಸುಳ್ಳಲ್ಲ. ದವಾ ಕುಡಿಯುವುದನ್ನು ನಾವು ತಿನ್ನುವುದು ಎನ್ನುವುದಿಲ್ಲ. ಕಾಲ ಬುಡದಲ್ಲಿ ಕುಳಿತಿದ್ದ ಮುದುಕ ಹೆಮ್ಮೆಯಿಂದ ಬಾಟಲಿ ಎತ್ತಿ ತೋರಿಸಿದ.

“ತಿಂದಿಲ್ರಿ ಸಾಹೇಬ್ರ. ದವಾ ಕುಡದಾಳ, ಅಷ್ಟ. ಪುಂಡಿ ಬಸದ ನೀರು. ಬಿಪಿಗೆ ಚಲೋ ಅಂತ ನಿಮ್ಮಂಥವ್ರ ಹೇಳ್ಯಾರ.”

ಡಾಕ್ಟರ್ ಮುಚ್ಚಳ ತೆಗೆದು ಮೂಸಿದರು. ಮುಚ್ಚಳದಲ್ಲಿದ್ದ ಹನಿಗೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದರು. ಅವರ ಮುಖ ಕಿವುಚಿಕೊಂಡಿತು.

“ಇದರಾಗ ಉಪ್ಪು ಎಷ್ಟು ಹಾಕ್ತಿ ಮುತ್ಯಾ?”

ಮುದುಕ ಅಂಗೈ ಬಟ್ಟಲು ಮಾಡಿ ತೋರಿಸಿದ. ಕುರಿ ಎತ್ತಿ ಹೊತ್ತು ಅಗಲವಾದ ಕೈ.

“ಇಷ್ಟು? ಯಾರು ಹೇಳಿದ್ರು ನಿನಗ?”

“ಯಾರ್ ಹೇಳಬೇಕ್ರಿ? ಟಗರಿಗೆ ಇಷ್ಟ ಹಾಕ್ತೀವಿ.”

“ಮುತ್ಯಾ, ಈಕಿ ಟಗರಲ್ಲ.”

ಪಕ್ಕದ ಮಂಚದವಳು ಕಿಸಕ್ಕೆಂದಳು. ನನಗೂ ನಗು ಬಂತು, ಅದರ ಹಿಂದೆಯೇ ಅಳು ಬಂತು. ಎರಡನ್ನೂ ಬೇರೆ ಮಾಡಲಾಗಲಿಲ್ಲ.

ಡಾಕ್ಟರ್ ಮಂಚದ ಅಂಚಿನಲ್ಲಿ ಕುಳಿತು ಹೇಳಿದರು. ಪುಂಡಿಯದು ತಪ್ಪಿಲ್ಲ. ಅದರೊಳಗಿನ ಫ್ಲೇವನಾಯ್ಡ್ ಒಳ್ಳೆಯದೇ, ಆದರೆ ಅದು ಮಾಡುವ ಸಹಾಯ ಸಣ್ಣದು, ನಿಧಾನದ್ದು. ಉಪ್ಪು ಮಾಡುವ ಕೇಡು ದೊಡ್ಡದು. ಅಡಿಗೆ ಸೋಡಾ ಕೂಡ ಉಪ್ಪಿನ ಅಣ್ಣತಮ್ಮನೇ. ಇಷ್ಟು ಉಪ್ಪು ದಿನಾ ಹೊಟ್ಟೆಗೆ ಹೋದರೆ ಯಾವ ಗುಳಿಗೆಯೂ ತಡೆಯುವುದಿಲ್ಲ. ಆಮೇಲೆ ದೇವಮ್ಮನ ಕಡೆ ತಿರುಗಿ, “ನಿನ್ನ ಮ್ಯಾಲ ಸುಮ್ಮನ ಸಿಟ್ಟಾದೆ ತಂಗಿ,” ಎಂದರು. ಅಷ್ಟು ಹೇಳುವವರೂ ಎಷ್ಟು ಜನ ಇದ್ದಾರೆ? ಅವಳ ಕೈ ಹಿಡಿದುಕೊಂಡೆ, ಊಟ ಬರುವವರೆಗೆ ಬಿಡಲಿಲ್ಲ.

ಮುದುಕ ಬಾಟಲಿಯನ್ನು ಬಚ್ಚಲಿಗೆ ಸುರಿದು ಬಂದ. ಬಂದು ಕೂರಲಿಲ್ಲ.

ಮನೆಗೆ ಬಂದ ಮೇಲೆ ಅವನು ಒಲೆಯ ಕಡೆ ತಲೆ ಹಾಕುವುದು ಬಿಟ್ಟ. ಊಟವನ್ನು ಹಟ್ಟಿಗೇ ತರಿಸಿಕೊಂಡ. ಮಾತಿಲ್ಲ. ಬೈದರೆ ಎದುರು ಬೈಯುವುದಿಲ್ಲ. ನನ್ನ ರೋಗಕ್ಕಿಂತ ಅದು ಕೆಟ್ಟದ್ದು. ಒಂದು ದಿನ ಗೋಡೆ ಹಿಡಿದುಕೊಂಡು ನಾನೇ ಹಟ್ಟಿಗೆ ಹೋದೆ.

“ಯಾಕ, ಮೂಕ ಬಡದಾದೇನ?”

ಮರಿಯ ಕಾಲಿನ ಮುಳ್ಳು ತೆಗೆಯುತ್ತಾ ತಲೆ ಎತ್ತದೆ ಹೇಳಿದ, “ನಿನ್ನ ಕಣ್ಣು ನಾ ತಿಂದೆ.”

“ಎಡಗಣ್ಣು ನಿನ್ನ ನೀರಿಗಿಂತ ಮೊದ್ಲ ಹೋಗಿತ್ತು. ಅದನ್ನ ನಿನ್ನ ಹೆಸರಿಗೆ ಬರಕೋಬ್ಯಾಡ.”

“ಬಲಗಣ್ಣು?”

ಅದು ಉಳಿಯುತ್ತದೋ ಇಲ್ಲವೋ ಇನ್ನೂ ಯಾರೂ ಹೇಳಿರಲಿಲ್ಲ. ಹೊಗೆ ಒಂದು ದಿನ ತೆಳುವಾದಂತೆ ಅನಿಸುತ್ತಿತ್ತು, ಮರುದಿನ ದಟ್ಟವಾದಂತೆ. ಸಮಾಧಾನಕ್ಕೆಂದು ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ಅವನ ಪಕ್ಕ ಕುಳಿತು, ಮರಿ ಒದೆಯದ ಹಾಗೆ ಅದರ ಕಾಲು ಹಿಡಿದೆ.

ಪುಂಡಿಪಲ್ಯ ನಿಲ್ಲಿಸಲಿಲ್ಲ. ದೇವಮ್ಮ ಈಗ ನೀರು ಬಸಿಯುವುದಿಲ್ಲ, ನೀರು ಕಡಿಮೆ ಇಟ್ಟು ಅದರಲ್ಲೇ ಬೇಳೆ, ನುಚ್ಚು ಬೇಯಿಸುತ್ತಾಳೆ. ಹುಳಿ ಹೆಚ್ಚು, ಉಪ್ಪು ಇದ್ದೂ ಇಲ್ಲದ ಹಾಗೆ. ಹಸಿ ಉಳ್ಳಾಗಡ್ಡಿ ಕಡಿದುಕೊಂಡು ತಿನ್ನುತ್ತೇನೆ. ರುಚಿ ಎಂದು ಹೇಳಲಾರೆ. ಇದು ಊಟ. ದವಾ ಬೇರೆ ಡಬ್ಬಿಯಲ್ಲಿದೆ, ಅದನ್ನು ಬೆಳಿಗ್ಗೆ ನುಂಗುತ್ತೇನೆ.

ಮೊನ್ನೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆವು. ಮುದುಕ ಒಳಗೆ ಬರಲೊಲ್ಲೆ ಎಂದು ಮೆಟ್ಟಿಲ ಮೇಲೆ ಕುಳಿತ. ಒಳಗೆ ಮತ್ತೆ ಅದೇ ಮಷೀನು, ಅದೇ ಬೆಳಕು. ಎಡಗಣ್ಣಿನ ನಡುವಿನ ಮಸಿ ಇನ್ನು ಹೋಗುವುದಿಲ್ಲ ಎಂದರು. ಬಲಗಣ್ಣಿಗೆ ಬಂದಾಗ ಬೆಳಕನ್ನು ಆಚೀಚೆ ಆಡಿಸಿ ಮತ್ತೆ ಮತ್ತೆ ನೋಡಿದರು. ಕೊನೆಗೆ ಹಿಂದೆ ಸರಿದು ಹೇಳಿದರು.

“ಊತ ಇಳದದ. ರಕ್ತ ಒಣಗ್ಯಾದ. ನಾಳ ತೆರದ ಅದಾವ. ಬಿಪಿ ಹಿಂಗ ಇಟ್ಕೊಂಡ್ರ ಈ ಕಣ್ಣು ನಿಮ್ಮದು. ಏರಿಸ್ಕೊಂಡ್ರ ನಾ ಏನೂ ಮಾಡಾಕಾಗಂಗಿಲ್ಲ.”

ಹೊರಗೆ ಬಂದೆ. ಮುದುಕ ಎದ್ದು ನಿಂತ.

“ಬಲಗಣ್ಣು ಉಳದದ ಅಂದ್ರು,” ಎಂದೆ.

“ಖರೇನ?”

“ನಾ ಯಾಕ ಸುಳ್ಳು ಹೇಳ್ಲಿ?”

ಅವನು ಒಂದು ಮೆಟ್ಟಿಲು ಹತ್ತಿ ಬಂದ. “ನಾ ಕಾಣ್ತೀನೇನ?”

ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ನೋಡಿದೆ. ರುಮಾಲು ಮಾಸಿತ್ತು. ಕೆನ್ನೆ ಒಳಗೆ ಹೋಗಿದ್ದವು. ಈ ಕೆಲವು ತಿಂಗಳಲ್ಲಿ ಅವನು ಇಷ್ಟು ಬಡವಾದದ್ದು ನನಗೆ ಗೊತ್ತೇ ಆಗಿರಲಿಲ್ಲ.

“ಕಾಣ್ತಿ. ಗಡ್ಡ ಬೋಳಿಸ್ಕೋ. ಮುದಿ ಹೋತಿನಂಗ ಕಾಣಾಕತ್ತಿ.”

ಅವನು ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು. ಬಸ್ ಸ್ಟ್ಯಾಂಡಿನಲ್ಲಿ ಒಂದು ಬಸ್ಸು ಬಂದು ನಿಂತಿತು. ಬೋರ್ಡು ಓದಲು ಬಾರದ ಮುದುಕ ಎಂದಿನಂತೆ ಪಕ್ಕದವರನ್ನು ಕೇಳಲು ಹೊರಟ. ನಾನು ಅವನ ತೋಳು ಹಿಡಿದು ನಿಲ್ಲಿಸಿದೆ.

“ಯಾರಿಗೂ ಕೇಳಬ್ಯಾಡ. ಶಹಾಪುರದ್ದ ಅದ. ಹತ್ತು.”